ಯಾವ ಮಗು ಯಾವ ಗುಂಪಿಗೆ? ಮನಶ್ಶಾಸ್ತ್ರದ ಪ್ರಯೋಗಕ್ಕೆ ಚೀಟಿ ಎತ್ತುವ ಕ್ರಮ

ಜುಲೈ ತಿಂಗಳ ಒಂದು ಬೆಳಿಗ್ಗೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಶಾಲೆಯಲ್ಲಿ ನನ್ನ ಎಂಎಸ್ಸಿ ಪ್ರಾಜೆಕ್ಟಿನ ಪ್ರಯೋಗ. ಪ್ಲಸ್ ವನ್ನಿನ, ಅಂದರೆ ಹನ್ನೊಂದನೇ ಕ್ಲಾಸಿನ, 40 ಮಕ್ಕಳು. ಅಡಿಕೆಯ ಕೊಳೆರೋಗದ ಬಗ್ಗೆ ಒಂದು ಪುಟದ ಪಾಠ. ಅರ್ಧ ಮಕ್ಕಳು ಅದನ್ನು ಎರಡು ಸಲ ಓದಬೇಕು. ಉಳಿದವರು ಒಂದು ಸಲ ಓದಿ, ಹಾಳೆ ಮಗುಚಿಟ್ಟು, ನೆನಪಿದ್ದಷ್ಟು ಬರೆಯಬೇಕು. ಒಂದು ವಾರ ಬಿಟ್ಟು ಎಲ್ಲರಿಗೂ ಒಂದೇ ಪರೀಕ್ಷೆ.

ಗುಂಪು ಮಾಡಿದ್ದು ಹೇಗೆ ಗೊತ್ತಾ? ಮೊದಲು ಬಂದ 20 ಮಕ್ಕಳು ಓದುವ ಗುಂಪು, ಆಮೇಲೆ ಬಂದ 20 ಮಕ್ಕಳು ಬರೆಯುವ ಗುಂಪು. ಯಾರು ಮೊದಲು ಬರ್ತಾರೆ ಅನ್ನೋದು ಹೇಗೂ ಅದೃಷ್ಟ ಅಲ್ವಾ ಅಂದುಕೊಂಡಿದ್ದೆ.

ಆವತ್ತು ಜೋರು ಮಳೆ. ಪೆರ್ಲದ ಕಡೆಯಿಂದ ಬರುವ ಬಸ್ಸು ಮುಕ್ಕಾಲು ಗಂಟೆ ತಡವಾಯಿತು. ಮೊದಲು ಬಂದವರೆಲ್ಲ ಪೇಟೆಯ ಸುತ್ತಮುತ್ತಲಿಂದ ನಡೆದು ಬರುವವರು. ಬಸ್ಸಿನಿಂದ ಇಳಿದವರಲ್ಲಿ ಹೆಚ್ಚಿನವರು ತೋಟದ ಮನೆಯವರು. ಒದ್ದೆ ಕೊಡೆಯನ್ನು ಬೆಂಚಿನ ಕೆಳಗೆ ತುರುಕಿ ಕೂತ ಒಬ್ಬ ಹುಡುಗ ಹಾಳೆ ನೋಡಿದವನೇ ನಕ್ಕ. "ಇದು ನಂಗೆ ಗೊತ್ತುಂಟು ಟೀಚರ್. ನಮ್ಮಲ್ಲಿ ಮೊನ್ನೆಯಷ್ಟೇ ಮದ್ದು ಬಿಟ್ಟದ್ದು." 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ ಅಂತ ಪಾಠ ಓದುವ ಮೊದಲೇ ಒಪ್ಪಿಸಿಬಿಟ್ಟ.

ವಾರದ ನಂತರ ಬರೆದ ಗುಂಪಿನ ಅಂಕ ತುಂಬ ಮೇಲಿತ್ತು. ನನಗೆ ಬೇಕಾಗಿದ್ದ ಉತ್ತರವೇ ಬಂದಿತ್ತು, ಆದರೆ ಅದರಿಂದ ಏನೂ ಪ್ರಯೋಜನ ಇರಲಿಲ್ಲ. ಮುಚ್ಚಿಟ್ಟು ಬರೆದದ್ದರಿಂದ ನೆನಪು ಉಳಿಯಿತೋ, ಮನೆಯಲ್ಲಿ ಅಪ್ಪ ಮದ್ದು ಕಲಸುವುದನ್ನು ನೋಡಿದ್ದರಿಂದ ಉಳಿಯಿತೋ? ಎರಡೂ ಒಂದೇ ಗುಂಪಿನಲ್ಲಿ ಸೇರಿಹೋದ ಮೇಲೆ ಯಾವ ಲೆಕ್ಕಾಚಾರವೂ ಅವನ್ನು ಬೇರೆ ಮಾಡಿ ಕೊಡುವುದಿಲ್ಲ.

ಈಗ ಪ್ರಾಜೆಕ್ಟ್ ಮಾಡುವ ಮಕ್ಕಳು ಪ್ರತಿವರ್ಷ ನನ್ನ ಹತ್ತಿರ ಬರುತ್ತಾರೆ. ಬಿಎಡ್‌ನವರು, ಡಿಗ್ರಿಯವರು, ಶಾಸ್ತ್ರೋತ್ಸವಕ್ಕೆ (ಶಾಲಾ ವಿಜ್ಞಾನ ಮೇಳಕ್ಕೆ) ಏನಾದರೂ ಮಾಡಬೇಕು ಅಂತ ಬರುವ ಹೈಯರ್ ಸೆಕೆಂಡರಿಯವರು. ಅವರಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ಆ ಕೊಳೆರೋಗದ ಪ್ರಯೋಗವನ್ನೇ ಇಟ್ಟುಕೊಳ್ಳೋಣ. ಅದರ ಮೂಲ ಪ್ರಶ್ನೆ ನನ್ನದಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಇಬ್ಬರು ಅಮೆರಿಕದಲ್ಲಿ ಇದನ್ನು ಮಾಡಿ ತೋರಿಸಿದ್ದರು. ಐದು ನಿಮಿಷ ಬಿಟ್ಟು ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದೆ. ವಾರ ಬಿಟ್ಟು ಕೇಳಿದರೆ ನೆನಪಿನಿಂದ ಬರೆದವರು ಮುಂದೆ.

ಮೊದಲು ಎರಡು ಕೆಲಸಗಳನ್ನು ಬೇರೆ ಮಾಡಿ

ಜಿಲ್ಲೆಯ ಸಾವಿರಾರು ಮಕ್ಕಳಲ್ಲಿ ಯಾವ 40 ಜನ ನಿಮ್ಮ ಪ್ರಯೋಗಕ್ಕೆ ಬರಬೇಕು ಅನ್ನುವುದು ಒಂದು ಕೆಲಸ. ಬಂದ 40 ಜನರಲ್ಲಿ ಯಾರು ಯಾವ ಗುಂಪಿಗೆ ಹೋಗಬೇಕು ಅನ್ನುವುದು ಇನ್ನೊಂದು. ಎರಡಕ್ಕೂ 'ರ್ಯಾಂಡಮ್' ಅಂತಲೇ ಹೇಳುವುದರಿಂದ ಮಕ್ಕಳು ಪದೇ ಪದೇ ಗೊಂದಲ ಮಾಡಿಕೊಳ್ಳುತ್ತಾರೆ. ಮೊದಲನೆಯದು ಸರಿಯಾದರೆ ನಿಮ್ಮ ಫಲಿತಾಂಶ ಕಾಸರಗೋಡಿನ ಉಳಿದ ಮಕ್ಕಳಿಗೂ ಅನ್ವಯ ಆಗುತ್ತದೆ. ಎರಡನೆಯದು ಸರಿಯಾದರೆ 'ಈ ಕಾರಣದಿಂದ ಹೀಗಾಯಿತು' ಅಂತ ಧೈರ್ಯವಾಗಿ ಹೇಳಬಹುದು. ವಿದ್ಯಾರ್ಥಿ ಪ್ರಾಜೆಕ್ಟುಗಳಲ್ಲಿ ಮೊದಲನೆಯದು ಸಾಮಾನ್ಯವಾಗಿ ಆಗುವುದಿಲ್ಲ, ಸಿಕ್ಕ ಶಾಲೆಯಲ್ಲಿ ಸಿಕ್ಕ ಮಕ್ಕಳು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ವರದಿಯಲ್ಲಿ ಬರೆದರಾಯಿತು. ಎರಡನೆಯದಕ್ಕೆ ಮಾತ್ರ ನೆಪ ಹೇಳುವ ಹಾಗಿಲ್ಲ. ಒಂದು ಡಬ್ಬ, ನಲವತ್ತು ಚೀಟಿ ಇದ್ದರೆ ಸಾಕು.

ಕೈಯನ್ನು ನಂಬಬೇಡಿ

'ನಾನೇ ನೋಡಿ ಸಮ ಮಾಡಿ ಹಾಕ್ತೇನೆ' ಅನ್ನುವವರು ತುಂಬ ಜನ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆ ಒಳ್ಳೆಯ ಮನಸ್ಸೇ ಕೈಯನ್ನು ಒಂದು ಕಡೆಗೆ ಎಳೆಯುತ್ತದೆ.

ಇದಕ್ಕೆ ನಾನು ಯಾವಾಗಲೂ ಹೇಳುವ ಕತೆ ಸ್ಕಾಟ್‌ಲೆಂಡಿನದು. 1930ರಲ್ಲಿ ಅಲ್ಲಿನ ಲನಾರ್ಕ್‌ಶೈರ್‌ನ 67 ಶಾಲೆಗಳಲ್ಲಿ 20,000 ಮಕ್ಕಳ ಮೇಲೆ ಹಾಲಿನ ಪ್ರಯೋಗ ನಡೆಯಿತು. 10,000 ಮಕ್ಕಳಿಗೆ ದಿನಾ ಮುಕ್ಕಾಲು ಪೈಂಟ್ ಹಾಲು. ಉಳಿದ 10,000 ಮಕ್ಕಳಿಗೆ ಇಲ್ಲ. ನಾಲ್ಕು ತಿಂಗಳ ನಂತರ ಎತ್ತರ, ತೂಕ ನೋಡುವುದು. ಮಕ್ಕಳನ್ನು ಹಂಚಿದ್ದು ಕೆಲವು ಶಾಲೆಗಳಲ್ಲಿ ಚೀಟಿ ಎತ್ತಿ, ಇನ್ನು ಕೆಲವು ಕಡೆ ಹೆಸರಿನ ಅಕ್ಷರದ ಕ್ರಮದಲ್ಲಿ. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಒಂದು ಗುಂಪಿನಲ್ಲಿ ಗಟ್ಟಿಮುಟ್ಟಾದವರೋ ಬಡಕಲು ಮಕ್ಕಳೋ ಜಾಸ್ತಿ ಕಂಡರೆ ಟೀಚರುಗಳು ಬದಲಿಸಬಹುದು ಅಂತ ಒಂದು ಅವಕಾಶ ಕೊಟ್ಟಿದ್ದರು. ಹಸಿದ ಮುಖದ ಮಗುವಿಗೆ ಹಾಲು ತಪ್ಪಿಸಲು ಯಾರಿಗೆ ಮನಸ್ಸು ಬರುತ್ತದೆ? ಕೊನೆಗೆ ನೋಡಿದರೆ ಹಾಲಿಲ್ಲದ ಗುಂಪಿನ ಮಕ್ಕಳು ಶುರುವಿನಲ್ಲೇ ಹೆಚ್ಚು ಎತ್ತರ, ಹೆಚ್ಚು ತೂಕ ಇದ್ದರು. ಮರುವರ್ಷ 'ಸ್ಟೂಡೆಂಟ್' ಅನ್ನುವ ಗುಪ್ತನಾಮದಲ್ಲಿ ಬರೆಯುತ್ತಿದ್ದ ಗಾಸೆಟ್ ಇದನ್ನೆಲ್ಲ ಬಿಡಿಸಿ ತೋರಿಸಿದರು. ಇವರು ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯ ಉದ್ಯೋಗಿ. ಎರಡು ಗುಂಪಿನ ಸರಾಸರಿ ಹೋಲಿಸುವ ಟಿ-ಟೆಸ್ಟಿನ ಜೊತೆ ಬರುವ 'ಸ್ಟೂಡೆಂಟ್' ಇವರೇ. ಇಷ್ಟು ಮಕ್ಕಳ ಬದಲು ಅವಳಿ ಮಕ್ಕಳ ಕೆಲವು ಜೋಡಿಗಳನ್ನು ತಗೊಂಡಿದ್ದರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ನಂಬಬಹುದಾದ ಉತ್ತರ ಸಿಗುತ್ತಿತ್ತು ಅನ್ನುವುದು ಅವರ ವಾದ.

ನಮ್ಮಲ್ಲಿ ಮಧ್ಯಾಹ್ನದ ಊಟಕ್ಕೆ ಬಡಿಸುವಾಗ ಯಾವ ಮಗುವಿಗೆ ಇನ್ನೊಂದು ಸೌಟು ಬೀಳುತ್ತದೆ ಅಂತ ಒಮ್ಮೆ ನೋಡಿ. ಅಲ್ಲಿ ಅದು ಸರಿ. ಪ್ರಯೋಗದಲ್ಲಿ ಅದೇ ಸೌಟು ಲೆಕ್ಕ ಕೆಡಿಸುತ್ತದೆ.

ನಾಣ್ಯ, ಚೀಟಿ, ಇಸ್ಪೀಟು

ಅತಿ ಸುಲಭದ ದಾರಿ ಟಾಸ್ ಹಾಕುವುದು. ಪ್ರತಿ ಮಗುವಿಗೂ ಒಂದು ಟಾಸ್, ತಲೆ ಬಿದ್ದರೆ ಎ (ಓದುವ ಗುಂಪು), ಹೂ ಬಿದ್ದರೆ ಬಿ (ಬರೆಯುವ ಗುಂಪು). ಇದರಲ್ಲಿ ಮೋಸ ಇಲ್ಲ, ಆದರೆ ಗುಂಪು ಸಮ ಆಗುವುದಿಲ್ಲ. 40 ಸಲ ಚಿಮ್ಮಿದರೆ ಸರಿಯಾಗಿ 20-20 ಬರುವುದು ಎಂಟರಲ್ಲಿ ಒಂದು ಸಲ ಮಾತ್ರ. 25-15 ಅಥವಾ ಅದಕ್ಕಿಂತಲೂ ವಾಲಿದ ಗುಂಪುಗಳು ನೂರರಲ್ಲಿ ಸುಮಾರು 15 ಸಲ ಬರುತ್ತವೆ. ಸಾವಿರ ಜನರಿದ್ದರೆ ಇದು ದೊಡ್ಡ ವಿಷಯ ಅಲ್ಲ. ನಲವತ್ತರಲ್ಲಿ ತೊಂದರೆಯೇ.

ಹಾಗಾಗಿ ಸಣ್ಣ ಪ್ರಯೋಗಕ್ಕೆ ಚೀಟಿ ಒಳ್ಳೆಯದು. 20 ಚೀಟಿಯಲ್ಲಿ ಎ, 20ರಲ್ಲಿ ಬಿ. ಒಂದೇ ಅಳತೆಯ ಕಾಗದ, ಒಂದೇ ರೀತಿಯ ಮಡಿಕೆ. ಎ ಚೀಟಿಗಳನ್ನೆಲ್ಲ ಬರೆದು ಮಡಚಿ ಹಾಕಿ, ಆಮೇಲೆ ಬಿ ಚೀಟಿಗಳನ್ನು ಮೇಲಿಂದ ಸುರಿದು, ಎರಡು ಸಲ ಕುಲುಕಿ 'ಆಯ್ತು' ಅನ್ನಬೇಡಿ. ಈ ತಪ್ಪನ್ನು ಅಮೆರಿಕದ ಸರ್ಕಾರವೇ ಮಾಡಿತ್ತು. 1969ರ ಡಿಸೆಂಬರ್ 1ರಂದು ವಿಯೆಟ್ನಾಂ ಯುದ್ಧಕ್ಕೆ ಯುವಕರನ್ನು ಆರಿಸಲು ವರ್ಷದ 366 ತಾರೀಕುಗಳನ್ನು ಸಣ್ಣ ಕ್ಯಾಪ್ಸೂಲುಗಳಲ್ಲಿ ಹಾಕಿ ಎತ್ತಿದರು. ತಿಂಗಳ ಕ್ರಮದಲ್ಲಿ ಸುರಿದಿದ್ದರು, ಚೆನ್ನಾಗಿ ಕಲಸಿರಲಿಲ್ಲ. ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರ ತಾರೀಕುಗಳು ಬೇಗ ಬೇಗ ಮೇಲೆ ಬಂದವು. ಯಾರೋ ಕೈ ಹಾಕುವ ಮುಂಚೆ ಕಲಸದಿದ್ದುದರಿಂದ ಡಿಸೆಂಬರಿನಲ್ಲಿ ಹುಟ್ಟಿದ ಹುಡುಗರು ಯುದ್ಧಕ್ಕೆ ಹೋಗುವ ಸಂಭವ ಜಾಸ್ತಿಯಾಯಿತು.

ನಾನು ಈಗ ಇಸ್ಪೀಟು ಎಲೆ ಬಳಸುತ್ತೇನೆ. ಶಾಲೆಗೆ ಇಸ್ಪೀಟು ತಂದರೆ ಮುಖ ಸಿಂಡರಿಸುವವರಿದ್ದಾರೆ, ಹಾಗಾಗಿ ಮನೆಯಲ್ಲೇ ಕೂತು ಮಾಡುವುದು. 20 ಕೆಂಪು, 20 ಕಪ್ಪು ಎಲೆ. ಏಳೆಂಟು ಸಲ ಸರಿಯಾಗಿ ಕಲಸಿ ಒಂದೊಂದೇ ತೆಗೆದು ಬರೆದುಕೊಂಡರೆ ಪಟ್ಟಿ ಸಿದ್ಧ. ಇದರಲ್ಲಿ ಹೊಸದೇನೂ ಇಲ್ಲ. ಮನಶ್ಶಾಸ್ತ್ರದ ಪ್ರಯೋಗಕ್ಕೆ ಅದೃಷ್ಟವನ್ನು ಕ್ರಮವಾಗಿ ಬಳಸಿದ ಮೊದಲಿಗರಾದ ಪರ್ಸ್ ಮತ್ತು ಜ್ಯಾಸ್ಟ್ರೋ ಮಾಡಿದ್ದೂ ಇಸ್ಪೀಟಿನಿಂದಲೇ. ಭಾರದ ಸಣ್ಣ ವ್ಯತ್ಯಾಸ ಗೊತ್ತಾಗುತ್ತದೆಯೇ ಅಂತ ನೋಡುವ, 1885ರಲ್ಲಿ ಅಚ್ಚಾದ ಅವರ ಪ್ರಯೋಗದಲ್ಲಿ, ಯಾವ ಸರದಿಗೆ ಭಾರ ಹೆಚ್ಚಿಸಬೇಕು, ಯಾವುದಕ್ಕೆ ಇಳಿಸಬೇಕು ಅಂತ ತೀರ್ಮಾನಿಸಿದ್ದು ಕಲಸಿದ ಎಲೆಗಳು.

ಕಂಪ್ಯೂಟರ್ ಇದ್ದರೆ ಇನ್ನೂ ಸುಲಭ. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ಒಂದು ಕಾಲಮ್ಮಿನಲ್ಲಿ 20 ಎ, 20 ಬಿ ಬರೆಯಿರಿ. ಪಕ್ಕದ ಕಾಲಮ್ಮಿನಲ್ಲಿ ರ್ಯಾಂಡ್ ಸೂತ್ರ, =RAND(), ಹಾಕಿ ಕೆಳಗಿನವರೆಗೂ ಎಳೆಯಿರಿ. ಆ ಅಂಕಿಗಳ ಪ್ರಕಾರ ಎರಡೂ ಕಾಲಮ್ಮುಗಳನ್ನು ಸಾರ್ಟ್ ಮಾಡಿ. ಒಂದು ಎಚ್ಚರಿಕೆ ಬೇಕು. ಶೀಟಿನಲ್ಲಿ ಏನು ಮುಟ್ಟಿದರೂ ಆ ಸೂತ್ರದ ಅಂಕಿಗಳು ಬದಲಾಗುತ್ತವೆ. ಹಾಗಾಗಿ ಸೂತ್ರ ಹಾಕಿದ ಕೂಡಲೇ ಅಂಕಿಗಳನ್ನು ಕಾಪಿ ಮಾಡಿ, ಬರೀ ಮೌಲ್ಯ ಮಾತ್ರ ಪೇಸ್ಟ್ ಮಾಡಿ, ಆಮೇಲೆ ಸಾರ್ಟ್ ಮಾಡಿ. ಪಟ್ಟಿಯನ್ನು ಪ್ರಿಂಟ್ ತೆಗೆದು ತಾರೀಕು ಬರೆದಿಡಿ.

ಹಾಜರಿ ಪುಸ್ತಕದ ಬೆಸ-ಸಮ ಸಂಖ್ಯೆ, ಹುಟ್ಟಿದ ತಾರೀಕು, ಬೆಂಚಿನ ಎಡ-ಬಲ, ಇವು ಯಾವುದೂ ಬೇಡ. ಎಡ-ಬಲ ಅಂದರೆ ನಮ್ಮ ಹೆಚ್ಚಿನ ಕ್ಲಾಸುಗಳಲ್ಲಿ ಹುಡುಗರು-ಹುಡುಗಿಯರು ಅಂತಲೇ ಅರ್ಥ. ಬೆಸ-ಸಮ ಅಷ್ಟು ಕೆಟ್ಟದ್ದಲ್ಲ ಅನ್ನಿಸುತ್ತದೆ, ಆದರೆ ಮುಂದಿನ ಮಗು ಯಾವ ಗುಂಪಿಗೆ ಅಂತ ಎಲ್ಲರಿಗೂ ಮೊದಲೇ ಗೊತ್ತಾಗುತ್ತದೆ. ಆ ತೊಂದರೆ ಏನೆಂದು ಲಕೋಟೆಯ ಹತ್ತಿರ ಬಂದಾಗ ಹೇಳುತ್ತೇನೆ.

ಒಬ್ಬೊಬ್ಬರೇ ಬರುವುದಾದರೆ ಬ್ಲಾಕ್ ಮಾಡಿ

ಎಲ್ಲ ಮಕ್ಕಳೂ ಒಂದೇ ದಿನ ಸಿಕ್ಕಿದರೆ ಚೀಟಿ ಸಾಕು. ಆದರೆ ದಿನಕ್ಕೆ ನಾಲ್ಕೈದು ಮಕ್ಕಳಂತೆ ಎರಡು ವಾರ ನಡೆಯುವ ಪ್ರಯೋಗವಾದರೆ? ಮೊದಲ ವಾರ ಎ ಜಾಸ್ತಿ, ಎರಡನೇ ವಾರ ಬಿ ಜಾಸ್ತಿ ಆಗಿಬಿಡಬಹುದು. ನಡುವೆ ಯೂನಿಟ್ ಟೆಸ್ಟ್ ಬಂದರೆ ಅದೂ ಲೆಕ್ಕದೊಳಗೆ ನುಗ್ಗುತ್ತದೆ.

ಇದಕ್ಕೆ ನಾಲ್ಕು ನಾಲ್ಕರ ಬ್ಲಾಕ್ ಮಾಡಬೇಕು. ಒಂದು ಬ್ಲಾಕಿನಲ್ಲಿ ಎರಡು ಎ, ಎರಡು ಬಿ. ಅವನ್ನು ಜೋಡಿಸಲು ಆರೇ ದಾರಿ:

1. ಎ ಎ ಬಿ ಬಿ
2. ಎ ಬಿ ಎ ಬಿ
3. ಎ ಬಿ ಬಿ ಎ
4. ಬಿ ಬಿ ಎ ಎ
5. ಬಿ ಎ ಬಿ ಎ
6. ಬಿ ಎ ಎ ಬಿ

ಆರು ದಾರಿ, ಆರು ಮುಖದ ದಾಳ. ದಾಳ ಹಾಕಿ, ಬಿದ್ದ ಸಂಖ್ಯೆಯ ಸಾಲು ಬರೆದುಕೊಳ್ಳಿ. ಹತ್ತು ಸಲ ಹಾಕಿದರೆ 40 ಮಕ್ಕಳ ಪಟ್ಟಿ ಆಯಿತು. ಪ್ರಯೋಗ ಎಲ್ಲೇ ನಿಂತರೂ ಎರಡು ಗುಂಪಿನ ನಡುವೆ ಎರಡಕ್ಕಿಂತ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಬ್ಲಾಕಿನ ಅಳತೆ ಗೊತ್ತಿರುವ ಸಹಾಯಕರಿದ್ದರೆ ಮೂರು ಕಂಡ ಮೇಲೆ ನಾಲ್ಕನೆಯದನ್ನು ಊಹಿಸಿಬಿಡುತ್ತಾರೆ. ಅದಕ್ಕೇ ನಡುನಡುವೆ ಆರರ ಬ್ಲಾಕ್ ಸೇರಿಸಿ, ಅಳತೆಯನ್ನು ನಿಮ್ಮೊಳಗೇ ಇಟ್ಟುಕೊಳ್ಳಿ.

ಬ್ಲಾಕ್ ಅನ್ನುವ ಮಾತು ಹೊಲದಿಂದ ಬಂದದ್ದು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ಸಂಖ್ಯಾಶಾಸ್ತ್ರಜ್ಞ ಫಿಶರ್, ಒಂದೇ ರೀತಿಯ ಮಣ್ಣಿನ ತುಂಡುಗಳನ್ನು ಒಟ್ಟು ಮಾಡಿ, ಆ ತುಂಡಿನೊಳಗೆ ಗೊಬ್ಬರಗಳನ್ನು ಅದೃಷ್ಟದ ಮೇಲೆ ಹಂಚುವ ಕ್ರಮ ಕಟ್ಟಿದರು. 1935ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದರು. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಸರಗೋಡಿನಲ್ಲಿ ತೆಂಗಿನ ಸಂಶೋಧನೆ 1916ರಿಂದಲೇ ಉಂಟು. ಗುಡ್ಡದ ಮುರಕಲ್ಲಿನ ಜಾಗಕ್ಕೆ ಒಂದು ಗೊಬ್ಬರ, ತೋಡಿನ ಬದಿಯ ತೇವದ ಜಾಗಕ್ಕೆ ಇನ್ನೊಂದು ಗೊಬ್ಬರ ಹಾಕಿ 'ನೋಡಿ, ಇದೇ ಒಳ್ಳೆಯದು' ಅಂದರೆ ಯಾವ ಕೃಷಿಕರೂ ಒಪ್ಪಲಿಕ್ಕಿಲ್ಲ. ನನ್ನ ಪ್ರಯೋಗದಲ್ಲಿ ಬಸ್ಸಿನ ಮಕ್ಕಳು ತೋಡಿನ ಬದಿಯ ಜಾಗ.

ತೋಟದ ಮನೆ, ಪೇಟೆ ಮನೆ

ಚೀಟಿ ಎತ್ತಿದರೂ ಅದೃಷ್ಟ ಕೆಟ್ಟರೆ ತೋಟದ ಮನೆಯ ಮಕ್ಕಳು ಒಂದೇ ಗುಂಪಿಗೆ ಸೇರಬಹುದು. ಫಲಿತಾಂಶಕ್ಕೆ ನೇರ ಸಂಬಂಧ ಇರುವ ಒಂದು ಸಂಗತಿ ಮೊದಲೇ ಗೊತ್ತಿದ್ದರೆ, ಮಕ್ಕಳನ್ನು ಅದರ ಪ್ರಕಾರ ಮೊದಲು ಬೇರೆ ಮಾಡಿ, ಪ್ರತಿ ಪಂಗಡದೊಳಗೆ ಬೇರೆ ಬೇರೆ ಚೀಟಿ ಎತ್ತಬೇಕು. ಹಿಂದಿನ ದಿನ ಒಂದು ಸಣ್ಣ ಹಾಳೆ ಕೊಟ್ಟು 'ಮನೆಯಲ್ಲಿ ಅಡಿಕೆ ತೋಟ ಇದೆಯಾ?' ಅಂತ ಕೇಳಿದರೆ ಮುಗಿಯಿತು. 16 ಮಕ್ಕಳು ಇದೆ ಅಂದರು, 24 ಮಕ್ಕಳು ಇಲ್ಲ ಅಂದರು ಅಂತ ಇಟ್ಟುಕೊಳ್ಳಿ. ಮೊದಲ ಪಟ್ಟಿಗೆ ನಾಲ್ಕು ಬ್ಲಾಕ್, ಎರಡನೆಯದಕ್ಕೆ ಆರು ಬ್ಲಾಕ್. ಎರಡೂ ಗುಂಪಿಗೆ ಎಂಟೆಂಟು ತೋಟದ ಮಕ್ಕಳು, ಹನ್ನೆರಡು ಹನ್ನೆರಡು ಉಳಿದವರು.

ಇದರ ರುಚಿ ಹತ್ತಿದ ಮೇಲೆ ಮಕ್ಕಳು ನಿಲ್ಲಿಸುವುದಿಲ್ಲ. ಮನೆ ಮಾತು, ಗಂಡು-ಹೆಣ್ಣು, ಹಿಂದಿನ ಅಂಕ, ಎಲ್ಲದರಲ್ಲೂ ಪಂಗಡ ಮಾಡಲು ಹೊರಡುತ್ತಾರೆ. ನಮ್ಮ ಊರಲ್ಲಿ ಮನೆ ಮಾತನ್ನು ಹಿಡಿದರೆ ಕನ್ನಡ, ತುಳು, ಮಲಯಾಳಂ, ಕೊಂಕಣಿ, ಬ್ಯಾರಿ, ಮರಾಠಿ ಅಂತ ಆರು ಆಗಿಯೇ ಹೋಯಿತು. ಅದಕ್ಕೆ ಗಂಡು-ಹೆಣ್ಣು ಸೇರಿಸಿದರೆ ಹನ್ನೆರಡು, ತೋಟ ಸೇರಿಸಿದರೆ ಇಪ್ಪತ್ತನಾಲ್ಕು ಪಂಗಡ. 40 ಮಕ್ಕಳಿಗೆ 24 ಪಂಗಡ! ಕೆಲವದರಲ್ಲಿ ಒಬ್ಬರೇ, ಕೆಲವು ಖಾಲಿ. ಒಂದು ಸಂಗತಿ, ಹೆಚ್ಚೆಂದರೆ ಎರಡು ಸಾಕು. ಉಳಿದದ್ದನ್ನು ಅದೃಷ್ಟಕ್ಕೆ ಬಿಡಿ. ನಿಮಗೆ ಹೊಳೆಯದೇ ಇರುವ ಸಂಗತಿಗಳನ್ನೂ, ಯಾರು ರಾತ್ರಿ ನಿದ್ದೆ ಮಾಡಿಲ್ಲ, ಯಾರಿಗೆ ಕನ್ನಡಕ ಬೇಕಾಗಿದೆ ಅನ್ನುವುದನ್ನೂ, ಚೀಟಿ ಎರಡೂ ಕಡೆಗೆ ಹಂಚಿಬಿಡುತ್ತದೆ. 40 ಮಕ್ಕಳನ್ನು 20-20 ಮಾಡಲು 13 ಸಾವಿರ ಕೋಟಿಗಿಂತ ಜಾಸ್ತಿ ದಾರಿಗಳಿವೆ. ಅವುಗಳಲ್ಲಿ ಪೂರ್ತಿ ವಾಲಿದವು ತೀರಾ ಕಮ್ಮಿ.

ಜೋಡಿ ಮಾಡುವುದು ಇದರ ತಮ್ಮ ಇದ್ದ ಹಾಗೆ. ಒಂದು ಪೂರ್ವಪರೀಕ್ಷೆ ಕೊಟ್ಟು, ಅಂಕದ ಕ್ರಮದಲ್ಲಿ ಹೆಸರು ಬರೆದು, ಮೇಲಿಂದ ಇಬ್ಬಿಬ್ಬರನ್ನು ಜೋಡಿ ಮಾಡಿ, ಪ್ರತಿ ಜೋಡಿಗೆ ಒಂದು ಟಾಸ್. ಮಕ್ಕಳ ಸಂಖ್ಯೆ ಇಪ್ಪತ್ತರ ಹತ್ತಿರ ಇದ್ದಾಗ ಇದು ಚೆನ್ನ. ಜೋಡಿಯಲ್ಲಿ ಒಬ್ಬ ಜ್ವರ ಬಂದು ಮಲಗಿದರೆ ಇನ್ನೊಬ್ಬನ ಅಂಕವೂ ಜೋಡಿ ಲೆಕ್ಕಕ್ಕೆ ಸಿಗುವುದಿಲ್ಲ ಅನ್ನೋದು ನೆನಪಿರಲಿ. ಮಳೆಗಾಲದಲ್ಲಿ ನಾನು ಜೋಡಿ ಮಾಡುವುದೇ ಇಲ್ಲ.

ಲಕೋಟೆ

ಪಟ್ಟಿ ತಯಾರಾಯಿತು ಅಂದರೆ ಅರ್ಧ ಕೆಲಸ ಮುಗಿಯಿತು. ಆ ಪಟ್ಟಿ ಮಗುವನ್ನು ಬರಮಾಡಿಕೊಳ್ಳುವವರ ಕಣ್ಣಿಗೆ ಬೀಳಬಾರದು. ನಮ್ಮಲ್ಲಿ ಹೆಚ್ಚಿನ ಪ್ರಯೋಗಗಳು ಎಡವುವುದು ಇಲ್ಲೇ.

ಒಮ್ಮೆ ಒಬ್ಬ ವಿದ್ಯಾರ್ಥಿನಿಯ ಪ್ರಯೋಗಕ್ಕೆ ಸಹಾಯಕ್ಕೆ ನಿಂತಿದ್ದ ಮಾಷ್ಟ್ರೊಬ್ಬರು ಬಾಗಿಲಲ್ಲೇ ಪಟ್ಟಿ ಹಿಡಿದುಕೊಂಡಿದ್ದರು. ಮುಂದಿನ ಸರದಿ ಬಿ ಅಂತ ಅವರಿಗೆ ಕಾಣುತ್ತಿತ್ತು. ಬಾಗಿಲಿಗೆ ಬಂದ ಹುಡುಗ ಸ್ವಲ್ಪ ಮೆತ್ತಗಿನವನು. "ನೀನು ಆಮೇಲೆ ಬಾ ಮಗಾ, ಮೊದಲು ಅವಳು ಹೋಗಲಿ" ಅಂತ ಹಿಂದಿದ್ದ ಚುರುಕಿನ ಹುಡುಗಿಯನ್ನು ಕಳಿಸಿದರು. ಪಟ್ಟಿಯಲ್ಲಿ ಒಂದು ಅಕ್ಷರವೂ ಬದಲಾಗಲಿಲ್ಲ. ಮಕ್ಕಳು ಮಾತ್ರ ಅದಲು ಬದಲಾದರು. ಬೆಸ-ಸಮ ಸಂಖ್ಯೆ ಬೇಡ ಅಂದದ್ದು ಇದಕ್ಕೇ.

ಹೀಗೆ ಮಾಡಿ. ಪಟ್ಟಿ ಮಾಡುವವರು ಒಬ್ಬರು, ಮಕ್ಕಳನ್ನು ಸೇರಿಸುವವರು ಇನ್ನೊಬ್ಬರು. ಪಟ್ಟಿ ಮಾಡಿದವರು 1ರಿಂದ 40ರ ತನಕ ನಂಬರ್ ಹಾಕಿದ ಲಕೋಟೆಗಳಲ್ಲಿ ಚೀಟಿ ಇಟ್ಟು ಅಂಟಿಸಬೇಕು. ಮನೆಯಲ್ಲಿ ಉಳಿದ ಮದುವೆ ಕಾಗದದ ಲಕೋಟೆ ಬಳಸಿದವರೂ ಇದ್ದಾರೆ. ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಅಕ್ಷರ ಕಂಡರೆ ಚೀಟಿಯನ್ನು ದಪ್ಪ ಕಪ್ಪು ಕಾಗದದಲ್ಲಿ ಸುತ್ತಿ. ಮಗು ಬಂತು, ಹೆಸರು ಬರೆಯಿತು, ಒಪ್ಪಿಗೆ ಕೊಟ್ಟಿತು. ಹೆಸರನ್ನು ಲಕೋಟೆಯ ಮೇಲೆ ಪೆನ್ನಿನಲ್ಲಿ ಬರೆದ ನಂತರವೇ ಒಡೆಯಬೇಕು. ಒಡೆದ ಮೇಲೆ ಹಿಂದೆ ಹೋಗುವುದಿಲ್ಲ. ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ ಬ್ರಿಟನ್ನಿನ ಪ್ರಸಿದ್ಧ ಪ್ರಯೋಗದಲ್ಲೂ, 1948ರಲ್ಲಿ ಅದರ ವರದಿ ಬಂತು, ಇದೇ ನಂಬರ್ ಹಾಕಿದ ಲಕೋಟೆಗಳು. ರೋಗಿಯನ್ನು ಸೇರಿಸಿಕೊಳ್ಳುವುದು ಅಂತ ತೀರ್ಮಾನ ಆದ ಮೇಲೆ ಅವನ್ನು ತೆರೆಯುತ್ತಿದ್ದರು.

ಒಪ್ಪಿಗೆಯ ವಿಷಯ ಬಂತು. ಮನೆಯವರ ಸಹಿ ಮತ್ತು ಮಗುವಿನ ಒಪ್ಪಿಗೆ ಎರಡೂ ಲಕೋಟೆ ತೆರೆಯುವ ಮೊದಲೇ ಆಗಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲೂ ಮಲಯಾಳಂನಲ್ಲೂ ಇರಲಿ. ಮಗು ಕನ್ನಡ ಮೀಡಿಯಂನಲ್ಲಿ ಓದುತ್ತದೆ ಅಂದ ಮಾತ್ರಕ್ಕೆ ಮನೆಯಲ್ಲಿ ಎಲ್ಲರೂ ಕನ್ನಡ ಓದುತ್ತಾರೆ ಅಂತಲ್ಲ. ಯಾವ ಗುಂಪಿಗೆ ಬೀಳುತ್ತದೆ ಅಂತ ಮೊದಲೇ ಗೊತ್ತಿಲ್ಲ, ಎರಡಕ್ಕೂ ಒಪ್ಪಿಗೆಯೇ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಒಂದು ಗುಂಪಿಗೆ ನಿಜವಾಗಿ ಲಾಭ ಇರುವ ತರಬೇತಿ ಕೊಡುವುದಾದರೆ, ಪ್ರಯೋಗ ಮುಗಿದ ಮೇಲೆ ಇನ್ನೊಂದು ಗುಂಪಿಗೂ ಕೊಡಿ.

ಪರೀಕ್ಷೆಯ ಪೇಪರ್ ತಿದ್ದುವವರಿಗೂ ಗುಂಪು ಗೊತ್ತಾಗಬಾರದು. 1963ರಲ್ಲಿ ರೋಸೆಂಥಾಲ್ ಮತ್ತು ಫೋಡ್ ಸಾಮಾನ್ಯ ಇಲಿಗಳನ್ನೇ ವಿದ್ಯಾರ್ಥಿಗಳ ಕೈಗೆ ಕೊಟ್ಟು, ಕೆಲವರಿಗೆ 'ಇವು ಚುರುಕಿನ ತಳಿ' ಅಂತ, ಇನ್ನು ಕೆಲವರಿಗೆ 'ಇವು ಮಂದ' ಅಂತ ಹೇಳಿದರು. ಚುರುಕು ಅನ್ನಿಸಿಕೊಂಡ ಇಲಿಗಳೇ ಚೆನ್ನಾಗಿ ಓಡಿದವು. ಇಲಿಗಳ ವಿಷಯದಲ್ಲೇ ಹೀಗಾದರೆ, 'ಸುಮಾರು ಸರಿ ಇದೆ, ಅರ್ಧ ಅಂಕ ಕೊಡೋಣ' ಅನ್ನುವ ಜಾಗಗಳು ತುಂಬಿರುವ ಉತ್ತರಪತ್ರಿಕೆಯಲ್ಲಿ ಕೇಳಬೇಕಾ? ಪೇಪರಿನ ಮೇಲೆ ಲಕೋಟೆಯ ನಂಬರ್ ಮಾತ್ರ ಇರಲಿ.

ಒಂದೇ ಮಗುವಿಗೆ ಎರಡೂ ಕೊಡುವುದಾದರೆ

ಕೆಲವು ಪ್ರಯೋಗಗಳಲ್ಲಿ ಗುಂಪೇ ಬೇಡ. ಪ್ರತಿ ಮಗುವೂ ಎಲ್ಲ ಕಂಡೀಷನ್ನುಗಳನ್ನೂ, ಅಂದರೆ ಹೋಲಿಸಬೇಕಾದ ಎಲ್ಲ ವಿಧಾನಗಳನ್ನೂ, ಮಾಡುತ್ತದೆ. ತನ್ನ ಜೊತೆ ತನ್ನನ್ನೇ ಹೋಲಿಸುವುದರಿಂದ ಕಡಿಮೆ ಮಕ್ಕಳು ಸಾಕು. ತೊಂದರೆ ಇರುವುದು ಸರದಿಯಲ್ಲಿ. ಎರಡನೆಯದಕ್ಕೆ ಬರುವಾಗ ಮಗು ಪಳಗಿರುತ್ತದೆ, ಇಲ್ಲವೇ ಸುಸ್ತಾಗಿರುತ್ತದೆ. ಹಾಗಾಗಿ ಅರ್ಧ ಮಕ್ಕಳಿಗೆ ಎ ಆಮೇಲೆ ಬಿ, ಉಳಿದವರಿಗೆ ಬಿ ಆಮೇಲೆ ಎ. ಯಾರಿಗೆ ಯಾವ ಸರದಿ ಅನ್ನುವುದಕ್ಕೆ ಮತ್ತೆ ಅದೇ ಚೀಟಿ, ಅದೇ ಲಕೋಟೆ.

ನಮ್ಮ ಕೊಳೆರೋಗದ ಪ್ರಯೋಗವನ್ನು ಹೀಗೆ ಮಾಡುವುದಾದರೆ ಎರಡು ಪಾಠ ಬೇಕು, ಒಂದೇ ಪಾಠ ಎರಡು ಸಲ ನಡೆಯುವುದಿಲ್ಲ. ಕೊಳೆರೋಗದ್ದು ಒಂದು, ಆನಂತಪುರದ ಕೆರೆ ದೇವಸ್ಥಾನದ್ದು ಒಂದು ಅಂತ ಇಟ್ಟುಕೊಳ್ಳಿ. ಆಗ ಪಾಠವನ್ನೂ ಅದಲು ಬದಲು ಮಾಡಬೇಕು. ವಿಧಾನದ ಸರದಿ ಎರಡು, ಪಾಠದ ಸರದಿ ಎರಡು, ಒಟ್ಟು ನಾಲ್ಕು ರೀತಿಯ ಚೀಟಿ, ಹತ್ತತ್ತು. ಒಂದು ವಿಷಯಕ್ಕೆ ಮಾತ್ರ ಚೀಟಿಯಲ್ಲಿ ಮದ್ದಿಲ್ಲ. ಮುಚ್ಚಿಟ್ಟು ಬರೆಯುವ ರೂಢಿ ಒಮ್ಮೆ ಹತ್ತಿದ ಮಗು, ಆಮೇಲೆ ಬರೀ ಓದು ಅಂದರೂ ಮನಸ್ಸಿನಲ್ಲೇ ತನ್ನನ್ನು ಕೇಳಿಕೊಳ್ಳುತ್ತದೆ. ಹೀಗೆ ಒಂದರ ಪರಿಣಾಮ ಇನ್ನೊಂದಕ್ಕೆ ಅಂಟಿಕೊಳ್ಳುವ ಕಡೆ ಬೇರೆ ಬೇರೆ ಗುಂಪುಗಳೇ ಸರಿ.

ಮೂರು ಕಂಡೀಷನ್ ಇದ್ದರೆ ಆರು ಸರದಿ, ಆರನ್ನೂ ಬಳಸಬಹುದು. ನಾಲ್ಕಾದರೆ 24 ಸರದಿ, ಅಲ್ಲಿ ಲ್ಯಾಟಿನ್ ಚೌಕ ಕೈ ಹಿಡಿಯುತ್ತದೆ:

ಎ ಬಿ ಡಿ ಸಿ
ಬಿ ಸಿ ಎ ಡಿ
ಸಿ ಡಿ ಬಿ ಎ
ಡಿ ಎ ಸಿ ಬಿ

ಪ್ರತಿ ಅಕ್ಷರ ಪ್ರತಿ ಸ್ಥಾನದಲ್ಲಿ ಒಂದು ಸಲ ಬರುತ್ತದೆ. ಅಷ್ಟೇ ಅಲ್ಲ, ಯಾವ ಅಕ್ಷರದ ಹಿಂದೆಯೂ ಬೇರೆ ಮೂರೂ ಒಂದೊಂದು ಸಲ ಬಂದು ಹೋಗುತ್ತವೆ. ಬೆರಳಿಟ್ಟು ಎಣಿಸಿ ನೋಡಿ. ಮಕ್ಕಳ ಸಂಖ್ಯೆ ನಾಲ್ಕರಿಂದ ಭಾಗವಾಗುವ ಹಾಗಿರಲಿ, ಅಷ್ಟು ನೋಡಿಕೊಂಡರೆ ಸಾಕು.

ಇಡೀ ಕ್ಲಾಸೇ ಒಂದು ಚೀಟಿ ಆದಾಗ

'ಎ ಡಿವಿಷನ್ನಿಗೆ ಹೊಸ ವಿಧಾನ, ಬಿ ಡಿವಿಷನ್ನಿಗೆ ಹಳೆಯದು' ಅಂತ ಬರುವ ಪ್ರಾಜೆಕ್ಟುಗಳೇ ಜಾಸ್ತಿ. ಬೇರೆ ಊರಲ್ಲಿ ಹೇಗೋ, ನಮ್ಮಲ್ಲಿ ಒಂದು ಡಿವಿಷನ್ ಕನ್ನಡ ಮೀಡಿಯಂ, ಇನ್ನೊಂದು ಮಲಯಾಳಂ ಮೀಡಿಯಂ ಆಗಿರುವ ಶಾಲೆಗಳೇ ಎಷ್ಟೊಂದು. ಟೀಚರು ಬೇರೆ, ಪಠ್ಯದ ಭಾಷೆ ಬೇರೆ, ಕೆಲವೊಮ್ಮೆ ಕಟ್ಟಡವೇ ಬೇರೆ. ಆ ಎರಡು ಕ್ಲಾಸುಗಳಲ್ಲಿ ಯಾವುದಕ್ಕೆ ಹೊಸ ವಿಧಾನ ಅಂತ ಟಾಸ್ ಹಾಕಿದರೂ ಪ್ರಯೋಜನ ಇಲ್ಲ. ಎಂಬತ್ತು ಮಕ್ಕಳಿದ್ದರೂ ಹಂಚಿದ್ದು ಎರಡೇ ವಸ್ತು.

ಇಡೀ ಕ್ಲಾಸಿಗೆ ಒಂದೇ ರೀತಿ ಕೊಡಲೇಬೇಕಾದ ವಿಷಯಗಳಿವೆ. ಬೋಧನೆಯ ಕ್ರಮ ಅಂಥದ್ದು. ಒಂದೇ ಕ್ಲಾಸಿನಲ್ಲಿ ಎರಡು ಮಾಡಿದರೆ ಮಕ್ಕಳು ಮಧ್ಯಾಹ್ನ ಕೈತೊಳೆಯುವಾಗಲೇ ಎಲ್ಲ ಹಂಚಿಕೊಂಡಿರುತ್ತಾರೆ. ಆಗ ಕ್ಲಾಸುಗಳ ಸಂಖ್ಯೆ ಹೆಚ್ಚಿಸಬೇಕು. ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳಿಂದ ಹತ್ತೋ ಹನ್ನೆರಡೋ ಕನ್ನಡ ಮೀಡಿಯಂ ಕ್ಲಾಸುಗಳನ್ನು ಹಿಡಿದು, ಗಾತ್ರ ಹತ್ತಿರ ಇರುವ ಕ್ಲಾಸುಗಳನ್ನು ಜೋಡಿ ಮಾಡಿ, ಜೋಡಿಗೊಂದು ಟಾಸ್. ಲೆಕ್ಕ ಮಾಡುವಾಗಲೂ ಕ್ಲಾಸನ್ನು ಕ್ಲಾಸ್ ಅಂತಲೇ ನೋಡಬೇಕು, ಮಕ್ಕಳನ್ನೆಲ್ಲ ಸುಮ್ನೆ ಒಂದೇ ಗೋಣಿಗೆ ತುಂಬಬಾರದು.

ಅಷ್ಟು ಕ್ಲಾಸ್ ಸಿಗುವುದಿಲ್ಲ, ಎರಡೇ ಇರುವುದು ಅಂದರೆ ಅದಕ್ಕೆ ಅರೆ-ಪ್ರಯೋಗ ಅಂತ ಹೆಸರಿಟ್ಟು ಮಾಡಿ. ಅದು ಕೀಳಲ್ಲ. ಪೂರ್ವಪರೀಕ್ಷೆ ಇಟ್ಟು, ಎರಡು ಕ್ಲಾಸುಗಳು ಯಾವುದರಲ್ಲೆಲ್ಲ ಬೇರೆ ಅಂತ ಮೊದಲೇ ಬರೆದು, ತೀರ್ಮಾನ ಹೇಳುವಾಗ ದನಿ ಸ್ವಲ್ಪ ತಗ್ಗಿಸಬೇಕು. ವೈವಾದಲ್ಲಿ ಸಿಕ್ಕಿಬೀಳುವುದು ಅರೆ-ಪ್ರಯೋಗ ಮಾಡಿದವರಲ್ಲ, ಅದನ್ನು ಪ್ರಯೋಗ ಅಂತ ಕರೆದವರು.

ಹಂಚಿದ ಮೇಲೆ

ಎರಡೂ ಗುಂಪಿನ ವಯಸ್ಸು, ಗಂಡು-ಹೆಣ್ಣು, ತೋಟ, ಪೂರ್ವಪರೀಕ್ಷೆಯ ಅಂಕ ಒಂದು ಸಣ್ಣ ಕೋಷ್ಟಕದಲ್ಲಿ ಹಾಕಿ. ಸ್ವಲ್ಪ ಏರುಪೇರು ಇದ್ದೇ ಇರುತ್ತದೆ. ಅದನ್ನು ನೋಡಿ 'ಇದು ಸರಿಯಾಗಲಿಲ್ಲ, ಇನ್ನೊಮ್ಮೆ ಎತ್ತೋಣ' ಅನ್ನಬೇಡಿ. ಇಷ್ಟವಾಗುವ ತನಕ ಎತ್ತಿದರೆ ಎತ್ತಿದ್ದು ಚೀಟಿ ಅಲ್ಲ, ನಿಮ್ಮ ಇಷ್ಟ. ಪೂರ್ವಪರೀಕ್ಷೆಯ ಅಂಕವನ್ನು ಲೆಕ್ಕಾಚಾರದಲ್ಲಿ ಸೇರಿಸಿಕೊಳ್ಳುವ ದಾರಿ ಇದ್ದೇ ಇದೆ, ಹಾಗೆ ಮಾಡುತ್ತೇನೆ ಅಂತ ಮೊದಲೇ ಬರೆದಿಟ್ಟಿರಬೇಕು ಅಷ್ಟೆ.

ಬಿ ಗುಂಪಿನ ಒಬ್ಬ ಹುಡುಗ ಬರೆಯದೆ ಮತ್ತೆ ಓದಿಕೊಂಡು ಕೂತ ಅನ್ನಿ. ಅವನನ್ನು ಎ ಗುಂಪಿಗೆ ದಾಟಿಸಬೇಡಿ. ಲಕೋಟೆ ಎಲ್ಲಿಗೆ ಕಳಿಸಿತೋ ಅವನ ಲೆಕ್ಕ ಅಲ್ಲೇ. ಬರೆಯಲು ಬೇಸರ ಪಡುವ ಮಕ್ಕಳನ್ನೆಲ್ಲ ಹೀಗೆ ದಾಟಿಸಿದರೆ ಬಿ ಗುಂಪಿನಲ್ಲಿ ಶ್ರದ್ಧೆ ಇರುವವರಷ್ಟೇ ಉಳಿಯುತ್ತಾರೆ. ಮತ್ತೆ ಬಸ್ಸಿನ ಕತೆಯೇ.

ವರದಿಯಲ್ಲಿ 'ಮಕ್ಕಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಲಾಯಿತು' ಅಂತ ಒಂದು ಸಾಲು ಬರೆದು ಮುಂದೆ ಹೋಗುವುದು ನಮ್ಮಲ್ಲಿ ರೂಢಿ. ಅದರ ಬದಲು ಇಷ್ಟು ಬರೆಯಿರಿ: 'ಮನೆಯಲ್ಲಿ ಅಡಿಕೆ ತೋಟ ಇರುವ 16 ಮತ್ತು ಇಲ್ಲದ 24 ಮಕ್ಕಳಿಗೆ ಬೇರೆ ಬೇರೆಯಾಗಿ, ನಾಲ್ಕರ ಬ್ಲಾಕಿನಲ್ಲಿ, ದಾಳ ಹಾಕಿ ಪಟ್ಟಿ ಮಾಡಲಾಯಿತು. ಪಟ್ಟಿ ಮಾಡಿದವರು ಮಕ್ಕಳನ್ನು ನೋಡಿರಲಿಲ್ಲ. ಒಪ್ಪಿಗೆ ಪಡೆದು ಹೆಸರು ಬರೆದ ನಂತರ ನಂಬರ್ ಹಾಕಿದ ಲಕೋಟೆ ತೆರೆಯಲಾಯಿತು. ಉತ್ತರ ತಿದ್ದಿದವರಿಗೆ ಗುಂಪು ತಿಳಿದಿರಲಿಲ್ಲ. ಎ ಗುಂಪಿನ ಒಬ್ಬರು, ಬಿ ಗುಂಪಿನ ಇಬ್ಬರು ಎರಡನೇ ದಿನ ಗೈರುಹಾಜರು.' ಓದಿದವರು ನಿಮ್ಮ ಪ್ರಯೋಗವನ್ನು ಇನ್ನೊಮ್ಮೆ ಹಾಗೆಯೇ ಮಾಡಲು ಇಷ್ಟು ಬೇಕು.

ಇನ್ನೊಂದು ವಿಷಯ ಉಳಿದಿದೆ. ವಾರದ ನಂತರದ ಪರೀಕ್ಷೆಯ ದಿನ ಜಿಲ್ಲಾಧಿಕಾರಿ ಮಳೆಗೆ ರಜೆ ಘೋಷಿಸುವುದು ಜುಲೈಯಲ್ಲಿ ಮಾಮೂಲು. ಹಿಂದಿನ ರಾತ್ರಿಯೇ ವಾಟ್ಸ್ಯಾಪಿನಲ್ಲಿ ಸುದ್ದಿ ಬಂದಿರುತ್ತದೆ. ಎ ಗುಂಪಿನ ಪರೀಕ್ಷೆ ಮುಗಿದಿದೆ, ಬಿ ಗುಂಪಿನದು ಇವತ್ತು ಆಗಬೇಕಿತ್ತು ಅನ್ನುವ ಸ್ಥಿತಿ ಬಂದರೆ ಆಟ ಮುಗಿಯಿತು, ಒಂದು ಗುಂಪಿಗೆ ಏಳು ದಿನ, ಇನ್ನೊಂದಕ್ಕೆ ಒಂಬತ್ತು ದಿನ. ಅದಕ್ಕೇ ಎರಡೂ ಗುಂಪಿನ ಪರೀಕ್ಷೆಯನ್ನು ಒಂದೇ ದಿನ, ಒಂದೇ ಕೋಣೆಯಲ್ಲಿ, ಬೆರೆಸಿ ಕೂರಿಸಿ ಮಾಡಿ. ರಜೆ ಬಂದರೆ ಎಲ್ಲರಿಗೂ ಒಟ್ಟಿಗೆ ಮುಂದಕ್ಕೆ ಹೋಗಲಿ. ಬಸ್ಸು ತಡವಾದರೆ ಕಾಯಿರಿ.